ಚೊಲೋ ಆಗೈತಿ ಎಂಬ ಕೆಟ್ಟ ಸುದ್ದಿ

ಸಾಲಿ ಮಾಸ್ತರನಾದ ನಾನು ಮಕ್ಕಳ ಪ್ರಬಂಧ ತಿದ್ದುವಾಗ ಎಲ್ಲೆಲ್ಲಿ ‘ಉತ್ತಮ’ ಎಂದು ಬರೆದಿದ್ದೇನೋ ಅಲ್ಲೆಲ್ಲ ಪೂರ್ತಿ ಓದಿಲ್ಲವೆಂದೇ ತಿಳಿಯಬೇಕು. ಓದಿದ್ದರೆ ಕೆಂಪು ಗೀಟು ಇರುತ್ತಿತ್ತು. ಇದನ್ನು ಹೆಡ್‌ಮಾಸ್ತರರ ಕಿವಿಗೆ ಹಾಕಬೇಡಿ. ಹೊಗಳಿಕೆಗೆ ಗಮನ ಬೇಕಾಗಿಲ್ಲ, ತಪ್ಪು ಹಿಡಿಯುವುದಕ್ಕೆ ಬೇಕು ಎಂಬುದನ್ನು ಮಾತ್ರ ಒಪ್ಪಿಕೊಂಡರೆ ಸಾಕು. ನನಗೆ ಇದನ್ನು ಕಲಿಸಿದ್ದು ನಮ್ಮವ್ವ, ಅದೂ ಊಟಕ್ಕೆ ಕೂತು.

ಅವ್ವ ಇಂಡಿ ಕಡೆಯವಳು, ಲಿಂಬಿ ತೋಟದವರ ಮಗಳು. ಅವಳ ನಾಲಿಗೆಯೂ ಆ ತೋಟದಲ್ಲೇ ಬೆಳೆದದ್ದು. ನನ್ನ ಹೆಂಡತಿ ಸುವರ್ಣಾ ಕೊಲ್ಹಾರದವಳು. ಅವರೂರಿನ ಮೊಸರು ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ ಎಂದು ಈಗಲೂ ಹೇಳಿಕೊಳ್ಳುತ್ತಾಳೆ. ಮದುವೆಯಾಗಿ ಸಿಂದಗಿಗೆ ಬಂದ ಹೊಸತರಲ್ಲಿ ತವರಿನ ಹೆಪ್ಪು ತಂದು ಮೊಸರು ಮಾಡಿದಳು. ಅವ್ವ ಒಂದು ಚಮಚ ಬಾಯಿಗಿಟ್ಟು, “ಗಟ್ಟಿ ಐತಿ ಖರೆ. ರುಚಿ ಊರಾಗ ಬಿಟ್ಟ ಬಂದಿಯೇನವಾ?” ಎಂದಳು. ಸುವರ್ಣಾ ಅಂದು ಊಟ ಮಾಡಲಿಲ್ಲ. ಬರಬರುತ್ತ ರೂಢಿಯಾಯಿತು. ಬದನೆಯ ಎಣಗಾಯಿಗೆ ಶೇಂಗಾಪುಡಿ ಹೆಚ್ಚಾಯಿತು, ಕಡಲೆಹಿಟ್ಟಿನ ಜುಣಕ ಗಂಟು ಕಟ್ಟಿತು, ರೊಟ್ಟಿಯ ಅಂಚು ದಪ್ಪ ಬಂತು, ಹೀಗೆ ದಿನಕ್ಕೊಂದು. ಹಾಗೆ ಕೊಂಕು ತೆಗೆಯುತ್ತಲೇ ಅವ್ವ ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಚಾಚುತ್ತಿದ್ದಳು.

ನಮ್ಮ ಹಿರಿಯರು ರುಚಿಗಳು ಆರು ಎಂದರು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಇಷ್ಟು ತಿಳಿದವರು ಕೊಂಕನ್ನು ಏಕೆ ಬಿಟ್ಟರೋ ಗೊತ್ತಿಲ್ಲ. ಬಹುಶಃ ಲೆಕ್ಕ ಹಾಕಿದವರು ಗಂಡಸರು, ಅವರಿಗೆ ಅತ್ತೆಯ ಪಂಕ್ತಿಯಲ್ಲಿ ಬಡಿಸಿ ಗೊತ್ತಿರಲಿಕ್ಕಿಲ್ಲ.

ಹೋದ ಮಳೆಗಾಲದಲ್ಲಿ ಅವ್ವನಿಗೆ ಜ್ವರ ಬಂತು. ಜ್ವರ ಹೋಯಿತು, ಹಸಿವು ಮರಳಿ ಬರಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು, “ನಮ್ಮ ಔಷಧದ ಕೆಲಸ ಮುಗಿದೈತ್ರಿ. ಇನ್ನ ಹೊಟ್ಟಿಗೆ ಉಂಡ್ರ ಏಳ್ತಾರ. ಉಣಲಿಲ್ಲಂದ್ರ ಕಠಿಣ ಐತಿ” ಎಂದರು. ಮನೆಗೆ ಬಂದು ಸುವರ್ಣಾ ಮೆತ್ತಗೆ ನುಚ್ಚು ಮಾಡಿ ಮಜ್ಜಿಗೆ ಹಾಕಿ ಕೊಟ್ಟಳು. ಅವ್ವ ನಾಲ್ಕು ತುತ್ತು ತಿಂದು, “ಚೊಲೋ ಆಗೈತಿ. ಸಾಕು” ಎಂದು ತಾಟು ಸರಿಸಿದಳು.

ಮೊದಲ ದಿನ ಸುವರ್ಣಾ ಹಿಗ್ಗಿದಳು. ಇಷ್ಟು ವರ್ಷ ಕಾದ ಮಾತು, ಬಿಡಿ. ಮರುದಿನ ತಿಳಿಸಾರಿಗೂ ಅದೇ ಮಾತು ಬಂದಾಗ ನನ್ನ ಮುಖ ನೋಡಿದಳು. ಅದರ ಮರುದಿನ ಅಡುಗೆಮನೆಯಲ್ಲಿ ನನ್ನ ತೋಳು ಹಿಡಿದು, “ನನಗ ಅಂಜಿಕಿ ಆಗಾಕತ್ತೈತ್ರಿ. ಅತ್ತಿ ಏನೂ ಅನ್ನವಲ್ರು” ಎಂದಳು. ಮದುವೆಯಾದಾಗಿನಿಂದ ಅತ್ತೆ ಅನ್ನುತ್ತಾಳೆಂದು ದೂರುತ್ತಿದ್ದವಳು ಈಗ ಅನ್ನುತ್ತಿಲ್ಲವೆಂದು ಕಣ್ಣೊರೆಸಿಕೊಳ್ಳುತ್ತಿದ್ದಳು.

ಅವ್ವನ ನಾಲಿಗೆಯನ್ನು ಕೆಣಕಿ ಎಬ್ಬಿಸಬೇಕೆಂದು ನಾನೊಂದು ಉಪಾಯ ಹೂಡಿದೆ. ಯಾರೂ ಇಲ್ಲದಾಗ ಸಾರಿಗೆ ಒಂದು ದೊಡ್ಡ ಚಮಚ ಉಪ್ಪು ಸುರಿದೆ. ಊಟಕ್ಕೆ ಕೂತು ನೋಡಿದರೆ ಸಾರು ಹದವಾಗಿದೆ! ವಿಚಾರಿಸಿದಾಗ ತಿಳಿಯಿತು, ಸುವರ್ಣಾ ಕೂಡ ಅದೇ ಉಪಾಯದಲ್ಲಿ ಉಪ್ಪನ್ನೇ ಹಾಕಿರಲಿಲ್ಲ. ನಮ್ಮ ಸಂಸಾರದಲ್ಲಿ ಇಬ್ಬರ ಬುದ್ಧಿ ಒಂದೇ ದಾರಿಯಲ್ಲಿ ಓಡಿದ್ದು ಅದೊಂದೇ ಸಲ, ಅದೂ ಹೀಗೆ ಹಾಳಾಯಿತು. ಮಾರನೆಯ ದಿನ ಮಾತಾಡಿಕೊಂಡೇ ಉಪ್ಪಿಲ್ಲದ ನುಚ್ಚು ಬಡಿಸಿದೆವು. ಅವ್ವ ನಿಧಾನಕ್ಕೆ ನುಂಗಿ, “ಚೊಲೋ ಆಗೈತಿ” ಎಂದಳು.

ನನಗೆ ತಡೆಯಲಾಗಲಿಲ್ಲ. “ಯವ್ವಾ, ಉಪ್ಪಿಲ್ಲ ಅನ್ನೂದು ಗೊತ್ತಾಗಲಿಲ್ಲೇನು?” ಎಂದು ಕೇಳಿದೆ.

“ಗೊತ್ತಾತೋ ತಮ್ಮಾ. ಕುಂತಲ್ಲೇ ಉಣ್ಣಾಕಿ ನಾ. ದುಡಿಯೋರಿಗೆ ಯಾವ ಬಾಯಿಲೆ ಅನ್ನಲಿ?”

ನನಗೆ ಅಳು ಬಂತು. ನಾಲಿಗೆ ಸತ್ತಿರಲಿಲ್ಲ, ಹಕ್ಕು ಹೋಯಿತೆಂದು ಅವ್ವ ತಾನೇ ತೀರ್ಮಾನಿಸಿಕೊಂಡಿದ್ದಳು. ಊಟದಲ್ಲಿ ತಪ್ಪು ಹೇಳುವವರು ಮನೆಯವರು, ಚೆನ್ನಾಗಿದೆ ಎಂದು ಎದ್ದು ಹೋಗುವವರು ಬೀಗರು. ಅವ್ವ ತನ್ನ ಮನೆಯಲ್ಲೇ ಬೀಗಿತಿಯಾಗಿ ಕೂತಿದ್ದಳು.

ಬಾಗಿಲಲ್ಲಿ ನಿಂತಿದ್ದ ಸುವರ್ಣಾ ಎಲ್ಲ ಕೇಳಿಸಿಕೊಂಡಿದ್ದಳು. ಮರುದಿನ ಮುಂಜಾನೆ ತಳ್ಳುಗಾಡಿಯವನಿಂದ ದೊಡ್ಡ ಕಟ್ಟು ಪುಂಡಿಸೊಪ್ಪು ತಂದು ಅವ್ವನ ಮುಂದೆ ಇಟ್ಟು, “ಅತ್ತಿ, ಇಷ್ಟು ಸೋಸಿ ಕೊಡ್ರಿ. ನನಗ ಇವತ್ತ ಕೈ ಬಿಡುವಿಲ್ಲ” ಎಂದಳು. ಜಡ್ಡಿನಿಂದ ಎದ್ದವಳಿಗೆ ಕೆಲಸ ಹಚ್ಚುತ್ತೀಯಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಸುವರ್ಣಾ ನನ್ನತ್ತ ಕಣ್ಣು ಬಿಟ್ಟಳು. ಆ ಕಣ್ಣಿನ ಮುಂದೆ ನಾನು ಮಾಸ್ತರಕಿ ಮಾಡುವುದಿಲ್ಲ.

ಅವ್ವ ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಗೋಡೆಗೆ ಒರಗಿ ಒಂದೊಂದೇ ಎಲೆ ಬಿಡಿಸತೊಡಗಿದಳು. ನಡುವೆ ಕಣ್ಣು ಮುಚ್ಚಿ ಸುಧಾರಿಸಿಕೊಂಡಳು, ಮತ್ತೆ ಬಿಡಿಸಿದಳು. ಬಿಸಿಲೇರುವ ಹೊತ್ತಿಗೆ ಒಂದು ದಂಟು ಎತ್ತಿ ಹಿಡಿದು, “ಇದನ್ನ ಯಾರ ಕೊಟ್ರು ನಿನಗ? ನಾರು ಬಲತೈತಿ. ನೋಡಿ ತರಬಾರದೇನು?” ಎಂದಳು. ಸುವರ್ಣಾ ಒಲೆಯ ಕಡೆಗೆ ಮುಖ ತಿರುಗಿಸಿಕೊಂಡಳು.

ಸಂಜೆ ಪುಂಡಿಪಲ್ಯ, ಬಿಸಿ ರೊಟ್ಟಿ. ಅವ್ವನ ತಾಟಿಗೆ ಬಡಿಸಿ ಇಬ್ಬರೂ ಪರೀಕ್ಷೆ ಬರೆದ ಹುಡುಗರಂತೆ ನಿಂತೆವು. ಅವ್ವ ಒಂದು ತುತ್ತು ಅಗಿದಳು. ಇನ್ನೊಂದು ಅಗಿದಳು.

“ಸೋಸೂದು ನಾ ಚೊಲೋ ಸೋಸಿ ಕೊಟ್ಟಿದ್ದೆ. ಒಗ್ಗರಣಿ ಬಳ್ಳೊಳ್ಳಿ ಹಸೀನ ಉಳದಾವು. ಕೆಡಿಸಿಟ್ಟಿ” ಎಂದಳು. ಎಂದು, ತಾಟು ಮುಂದೆ ತಳ್ಳಿ, “ಇನ್ನೊಂದೀಟು ಹಾಕು” ಎಂದಳು.

ಸುವರ್ಣಾ ಬಡಿಸಿ ಒಳಗೆ ಓಡಿದಳು. ಸಂತೋಷಕ್ಕೆ ಅಳುತ್ತಿದ್ದಾಳೆಂದು ನಾನು ಹಿಂದೆಯೇ ಹೋದೆ. ನೋಡಿದರೆ ಮುಖ ಸಿಟ್ಟಿನಿಂದ ಉಬ್ಬಿದೆ. “ಬಳ್ಳೊಳ್ಳಿ ಹಸೀ ಉಳದಾವಂತ! ಕೆಂಪಗ ಹುರದೇನ್ರಿ ನಾ. ಬೇಕಾದ್ರ ಬಾಯಾಗ ಹಾಕ್ಕೊಂಡು ನೋಡ್ರಿ!” ಎಂದಳು. ಹಾಕಿಕೊಂಡು ನೋಡಿದೆ. ಬೆಳ್ಳುಳ್ಳಿ ಎಸಳು ಕೆಂಪಗೇ ಇದ್ದವು. ಹಾಗೆಂದು ಗಟ್ಟಿಯಾಗಿ ಹೇಳುವ ಧೈರ್ಯ ನನಗಿರಲಿಲ್ಲ, ಹೊರಗೆ ಅವ್ವ ರೊಟ್ಟಿ ಕೇಳುತ್ತಿದ್ದಳು.

ಈಗ ಅವ್ವ ಅಂಗಳದವರೆಗೆ ನಡೆದಾಡುತ್ತಾಳೆ. ಅತ್ತೆ ಸೊಸೆಯ ಜಟಾಪಟಿ ಎರಡು ಹೊತ್ತೂ ಸುಸೂತ್ರವಾಗಿ ನಡೆದಿದೆ. ಮೊನ್ನೆ ಮಾತ್ರ ನಾನು ಮೈಮರೆತು, ಜುಣಕ ಬಹಳ ಚೊಲೋ ಆಗೈತಿ ಎಂದುಬಿಟ್ಟೆ. ಸುವರ್ಣಾ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಂದು ನನ್ನ ಹಣೆ ಮುಟ್ಟಿ ನೋಡಿದಳು.