ಲಿಂಗಸುಗೂರಿಗೆ ಊಟಕ್ಕೆ ಹೋದದ್ದು

ಬಸ್ಸು ಮಸ್ಕಿಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ಕೆಡದಿದ್ದರೂ ಪಕ್ಕದವರ ಚೀಲದಿಂದ ಉಪ್ಪಿನಕಾಯಿ ಎಣ್ಣೆ ಸೋರಿ ನನ್ನ ಇಸ್ತ್ರಿ ಅಂಗಿಗೆ ಮೆತ್ತಬಹುದಿತ್ತು. ಕೈಯಲ್ಲಿ ಟೀಚರ್ ಮನೆಗೆಂದು ಒಯ್ಯುತ್ತಿದ್ದ ಮಾವಿನಹಣ್ಣುಗಳಿದ್ದವು, ಅವರ ತಾಯಿಗೆ ಸಕ್ಕರೆ ಕಾಯಿಲೆ ಇರಬಹುದಿತ್ತು. ಅಣ್ಣತಮ್ಮಂದಿರು, ಓಣಿಯ ಹಿರಿಯರು ಸಾಲಾಗಿ ಕೂತು, "ಈ ವಯಸ್ಸಿನ್ಯಾಗ ಇದೇನು ಹುಚ್ಚರೀ?" ಎನ್ನಬಹುದಿತ್ತು. ಅವರ ತಾಯಿ ನನ್ನ ಬೋಳುತಲೆ ನೋಡಿ, ನಾನು ವರನ ಅಪ್ಪನೆಂದು ತಿಳಿದು, ವರನನ್ನು ಹುಡುಕುತ್ತಾ ಬಾಗಿಲ ಕಡೆ ಇಣುಕಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಟೀಚರ್ ಮನಸ್ಸು ಬದಲಿಸಿ, ಮೆತ್ತಗೆ, "ಊಟ ಮಾಡ್ಕೊಂಡು ಹೋಗ್ರಿ ಸರ್" ಎನ್ನಬಹುದಿತ್ತು. ಆ 'ಹೋಗ್ರಿ'ಯನ್ನು ಸಿಂಧನೂರು ಬಿಡುವ ಮೊದಲೇ ನಾನು ನಾನಾ ಧ್ವನಿಗಳಲ್ಲಿ ಕೇಳಿಸಿಕೊಂಡಾಗಿತ್ತು.

ಐವತ್ತು ವಯಸ್ಸಾಗುವವರೆಗೆ ನಾನು ಸಿಂಧನೂರಿನ ಒಂದು ರೈಸ್ ಮಿಲ್ಲಿನ ವೇಬ್ರಿಜ್ ಕಿಟಕಿಯ ಹಿಂದೆ ಕೂತವನು. ಭತ್ತದ ಲಾರಿ ಬರುತ್ತಿತ್ತು, ತೂಗುತ್ತಿದ್ದೆ, ಹೋಗುತ್ತಿತ್ತು. ಕನ್ಯೆ ನೋಡಲು ಹೋದಲ್ಲೆಲ್ಲ ಏನೋ ಒಂದು ಚಿಂತೆ ಹುಡುಕಿಕೊಂಡು ವಾಪಸು ಬಂದಿದ್ದೆ. ಕೊನೆಗೆ ಮನೆಯವರೂ ಕರೆಯುವುದನ್ನು ಬಿಟ್ಟರು. ಮಿಲ್ಲು ಕೈ ಬದಲಾಗಿ, ಹೊಸ ಮಾಲೀಕರು ತೂಕಕ್ಕೆ ಕ್ಯಾಮೆರಾ, ಕಂಪ್ಯೂಟರು ಕೂರಿಸಿದಾಗ ಕಿಟಕಿಗೆ ಮನುಷ್ಯ ಬೇಕಾಗಲಿಲ್ಲ. ಮನೆಯಲ್ಲಿ ಒಬ್ಬನೇ ಕೂತೆ. ಟಿವಿ ಹಚ್ಚಿ ಇನ್ನೊಂದು ಕೋಣೆಯಲ್ಲಿ ಮಲಗುತ್ತಿದ್ದೆ. ಯಾರೋ ಮಾತಾಡುತ್ತಿದ್ದಾರೆ ಎನ್ನುವಷ್ಟು ಕೇಳಿಸಿದರೆ ಸಾಕಿತ್ತು.

ಡ್ರೈವಿಂಗ್ ಸ್ಕೂಲ್ ಇಟ್ಟಿದ್ದ ಹಳೆಯ ಗೆಳೆಯನೇ ಎಬ್ಬಿಸಿದ. "ಬಾರಲೇ, ಕಲಿಸಾಕ ಬಾ."

"ಗಾಡಿ ಹೊಡಿಯಾಕ ಬರ್ತೈತಿ, ಆದ್ರ ನನಗ ಅಂಜಿಕಿ ಐತಲ್ಲಲೇ."

"ಅದಕ್ಕs ಕರಿಯಾಕತ್ತೀನಿ. ಧೈರ್ಯ ಇದ್ದಾವ್ರು ಟೈಮಿಗೆ ಬ್ರೇಕ್ ಒತ್ತಂಗಿಲ್ಲ."

ಹೀಗೆ, ಜೀವನವಿಡೀ ಯಾರಿಗೂ ಬೇಡವಾಗಿದ್ದ ನನ್ನ ಅಂಜಿಕೆಗೆ ಪಗಾರ ಶುರುವಾಯಿತು. ಕಾಲುವೆ ರಸ್ತೆಯಲ್ಲಿ ಎಮ್ಮೆ ಅಡ್ಡ ಬರುವ ಮೊದಲೇ ನನಗದು ಕಾಣುತ್ತಿತ್ತು. ಆದರೆ ವಿಚಿತ್ರ ಕಸುಬು. ಚೆನ್ನಾಗಿ ಕಲಿಸಿದೆನೆಂದರೆ ಕಲಿತವರು ನನ್ನನ್ನು ಬಿಟ್ಟು ಹೋದರೆಂದೇ ಅರ್ಥ. ಲೈಸನ್ಸ್ ಬಂದ ಮೇಲೆ ಬಜಾರಿನಲ್ಲಿ ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದರು. ನಾನು ಕೈ ಎತ್ತುವಷ್ಟರಲ್ಲಿ ಬರೀ ಧೂಳು.

ಟೀಚರ್ ಮಾತ್ರ ಹೋಗಲಿಲ್ಲ. ಮಸ್ಕಿಯ ಹೈಸ್ಕೂಲಿನಲ್ಲಿ ಅವರ ಕೆಲಸ, ಲಿಂಗಸುಗೂರಿನಲ್ಲಿ ತಾಯಿಯ ಜೊತೆ ಮನೆ. ನಲವತ್ತಾರರ ಆಸುಪಾಸು. ಬೈಕ್ ಹುಚ್ಚಿನ ಗಂಡ ರಸ್ತೆಯ ಮೇಲೇ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಬಸ್ಸಿಗೆ ಕಾಯುವುದು ಸಾಕಾಗಿ ಕಾರು ಕಲಿಯಲು ಬಂದಿದ್ದರು. ನಾನು ದಿನಾ ಬೆಳಿಗ್ಗೆ ಮಸ್ಕಿಗೆ ಹೋಗಿ ಕಲಿಸುತ್ತಿದ್ದೆ. ಲೈಸನ್ಸ್ ಬಂದ ಮರುವಾರವೂ ಅವರು ಅದೇ ಜಾಗದಲ್ಲಿ ನಿಂತಿದ್ದರು.

"ಇನ್ನೇನು ಉಳೀತು ಟೀಚರ್?"

"ರಿವರ್ಸ್ ಬರವಲ್ದು ಸರ್."

ಅವರ ರಿವರ್ಸ್ ನನ್ನದಕ್ಕಿಂತ ಚೆನ್ನಾಗಿತ್ತು. ಆದರೂ ಮನಸ್ಸಿಟ್ಟು ಕಲಿಸಿದೆ, ಸಂಜೆ ಗೆಳೆಯನ ಮುಂದೆ ನನ್ನ ಕಲಿಸುವಿಕೆಯಲ್ಲೇ ದೋಷವಿದೆಯೇನೋ ಎಂದು ಮರುಗಿದೆ. ಅವನು ಹಣೆ ಹಣೆ ಬಡಿದುಕೊಂಡ. "ಲೇ ಹುಚ್ಚಪ್ಯಾಲಿ, ಅಕಿಗೆ ರಿವರ್ಸ್ ಬರ್ತೈತಿ. ನಿನಗs ತಿಳಿಯಂಗಿಲ್ಲ."

ತಿಳಿದ ಮೇಲೂ ಮದುವೆಯ ಮಾತು ಕೇಳಲು ನನಗೆ ಒಂದು ಸುಗ್ಗಿ ಹಿಡಿಯಿತು. ಕೇಳಿದ ದಿನ ಅವರು ಗಾಡಿ ನಿಲ್ಲಿಸಿ, ಮುಂದೆ ನೋಡುತ್ತಲೇ ಹೇಳಿದರು: "ಆಯಿತವಾರ ಊಟಕ್ಕ ಬರ್ರಿ. ಅವ್ವ ನಿಮ್ಮನ್ನ ನೋಡಬೇಕಂತಾಳ. ಅಕಿ ಹ್ಞೂಂ ಅಂದ್ರ ನಂದೂ ಹ್ಞೂಂ."

ಹಾಗೆ ಹೋದೆ. ಬಸ್ಸು ಕೆಡಲಿಲ್ಲ. ಅಂಗಿ ಬೆಳ್ಳಗೇ ಇತ್ತು. ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ತಾಯಿ ಮಾವಿನಹಣ್ಣು ಮೂಸಿ ನೋಡಿ ಒಳಗಿಟ್ಟರು.

"ನೀವು ಭಾಳ ಅಂಜ್ತೀರಂತಲ್ರೀ?"

"ಹೌದ್ರಿ ಯವ್ವಾ." ಸುಳ್ಳು ಹೇಳಲೂ ಅಂಜಿಕೆ.

"ಅಂಜ್ರಿ. ಅಂಜಲಾರದವಗ ಒಮ್ಮೆ ಕೊಟ್ಟು ನೋಡೀನಿ." ಸೆರಗಿನಿಂದ ಮುಖ ಒರೆಸಿಕೊಂಡರು. "ಉಣ್ರಿ ಮೊದಲ. ರಿಜಿಸ್ಟ್ರಾರ್ ಆಫೀಸಿಗೆ ಯಾವತ್ತು ಹೋಗೋದು, ಆಮ್ಯಾಲೆ ಮಾತಾಡೂಣು."

ಮೂವರೂ ನೆಲದ ಮೇಲೆ ಒಟ್ಟಿಗೆ ಕೂತೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಟೀಚರ್ ಕೇಳದೆಯೇ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. ಎದುರಿಗೆ ಇನ್ನೊಬ್ಬರು ಅಗಿಯುವ ಸದ್ದು ಕೇಳುತ್ತಾ ಮನೆಯೊಳಗೆ ಉಂಡು ಎಷ್ಟು ಕಾಲವಾಗಿತ್ತೋ. ಕಣ್ಣಲ್ಲಿ ನೀರು ಬಂತು. ಹಿಂಡಿ ಖಾರ ಎಂದೆ.

ಉಂಡವನು ಎದ್ದೆ. ಚಿಂತೆಯೆಲ್ಲ ಮುಗಿದು ತಲೆ ಹಗುರಾಗಿತ್ತು, ಕೈಕಾಲು ಒಂಟಿ ಮನೆಯ ರೂಢಿಯಂತೆ ತಮ್ಮ ಪಾಡಿಗೆ ನಡೆದವು. ಹಿತ್ತಲ ನಲ್ಲಿಯ ಕೆಳಗೆ ಕೂತು ತಾಟು ತಿಕ್ಕಿ, ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿದೆ. ತಿರುಗಿದರೆ ಟೀಚರ್ ಬಾಗಿಲಲ್ಲಿದ್ದರು, ಒಂದು ಕೈಯಲ್ಲಿ ತಾಯಿಯ ತಾಟು, ಇನ್ನೊಂದರಲ್ಲಿ ತಮ್ಮದು.

"ನಿಮ್ಮದೊಂದs ತೊಳಕೊಂಡ್ರೇನ್ರಿ?"