ಅಫೋರ್ಡ್ ಆಗದ ಮಿಕ್ಸಿ

ಸ್ನೇಹಿತರೇ, ಇವತ್ತು ಕೊಪ್ಪದಲ್ಲಿ ಮಿಕ್ಸಿ ಕೊಳ್ಳಲು ಹೋದವನು ಬರಿಗೈಯಲ್ಲಿ ಬಂದೆ.

ಅಂಗಡಿಯಲ್ಲಿ ನಮ್ಮೂರಿನ, ಮರ ಹತ್ತಿ ಅಡಿಕೆ ಕೊನೆ ತೆಗೆಯುವ ಶೀನಣ್ಣ ದೊಡ್ಡ ಫ್ರಿಡ್ಜೊಂದರ ಬಾಗಿಲು ತೆರೆದು ನೋಡುತ್ತಿದ್ದ. ಹೊಸ ಸೇಲ್ಸ್‌ಮನ್ ಅವನ ಕಲೆಯಾದ ಲುಂಗಿ ನೋಡಿ, "ಅದು ನಿಮಗೆ ಅಫೋರ್ಡ್ ಆಗಲ್ಲ, ಮುಟ್ಬೇಡಿ" ಎಂದ.

"ಅಫೋರ್ಡ್ ಅಂದ್ರೆ ಎಂತ, ಮೇಷ್ಟ್ರೇ?" ಶೀನಣ್ಣ ನನ್ನನ್ನೇ ಕೇಳಿದ.

ಇಂಗ್ಲಿಷ್ ಮೇಷ್ಟ್ರಾಗಿ ಸುಳ್ಳು ಹೇಳಲಾಗಲಿಲ್ಲ. "ಕೊಂಡ್ಕಳೋ ತಾಕತ್ತು" ಎಂದೆ.

ಅವನು ಫ್ರಿಡ್ಜ್ ಮುಚ್ಚಿ, ಗಲ್ಲಾದಲ್ಲಿದ್ದ ಮಾಲೀಕರಿಗೆ ಹೇಳಿದ: "ನಾಳೆ ನಿಮ್ಮ ತೋಟಕ್ಕೆ ನಾನು ಬರಲ್ಲ. ಬೇರೆಯವ್ರನ್ನ ನೋಡ್ಕಳಿ."

ಕೊಯ್ಲಿನ ಸಮಯದಲ್ಲಿ ಮರ ಹತ್ತುವ ಬೇರೆಯವರು ಎಲ್ಲಿ ಸಿಗುತ್ತಾರೆ? ಮಾಲೀಕರು ಓಡಿಬಂದು, "ಶೀನಣ್ಣ, ಮಾರಾಯ, ಕೂತ್ಕ" ಎಂದು ಕೈ ಹಿಡಿದರು. ಅವನು ಕೂರಲಿಲ್ಲ.

ನಾನೂ ಅವನ ಹಿಂದೆಯೇ ಹೊರಬಿದ್ದೆ. ಮುಂದಿನ ವಾರ ಅವನು ಕೊನೆ ತೆಗೆಯಲು ಬರಬೇಕಾದ್ದು ನನ್ನ ತೋಟಕ್ಕೆ. ಆ ಅಂಗಡಿಯ ಮಿಕ್ಸಿ ನನಗೂ ಅಫೋರ್ಡ್ ಆಗಲ್ಲ.