ಹೊಲಿಗೆ ಮಷೀನ್ ತುಳಿದ ಕಾಲು

ನನ್ನದೇ ಕಾರಿನ ಡ್ರೈವರ್ ಸೀಟಿನಿಂದ ಮೊನ್ನೆ ನನ್ನನ್ನು ಇಳಿಸಿದರು. ಹಾಡಹಗಲಲ್ಲಿ, ವಾಡಿಯ ಒಂದು ಗ್ಯಾರೇಜಿನಲ್ಲಿ, ಹೆಂಡತಿಯ ಎದುರಿಗೆ.

ಆಗಿದ್ದಿಷ್ಟು. ಭಾನುವಾರ ನಾವಿಬ್ಬರೂ ಸೇಡಂನಿಂದ ಶಹಾಬಾದಿಗೆ ಹೊರಟಿದ್ದೆವು, ನಾದಿನಿಯ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ. ರಾವೂರ ಹತ್ತಿರ ಮುಂದೆ ಕಲ್ಲು ತುಂಬಿದ ಲಾರಿ. ದಾಟೋಣವೆಂದು ಆಕ್ಸಿಲರೇಟರ್ ಒತ್ತಿದೆ. ಕಾರು ಮುಂದೆ ನುಗ್ಗುವ ಬದಲು ನಡುಗತೊಡಗಿತು. ಸ್ಟೇರಿಂಗು, ಡ್ಯಾಶ್‌ಬೋರ್ಡು, ಹೆಂಡತಿಯ ತೊಡೆಯ ಮೇಲಿದ್ದ ಹೋಳಿಗೆ ಡಬ್ಬಿ, ಎಲ್ಲವೂ. ಕಾಲು ತೆಗೆದರೆ ನಿಲ್ಲುತ್ತದೆ. ಒತ್ತಿದರೆ ಮತ್ತೆ ಶುರು.

ಪೆಟ್ರೋಲಿನಲ್ಲಿ ನೀರು ಬೆರೆತಿರಬೇಕು ಅಂದೆ. ಸ್ವಲ್ಪ ದೂರ ಹೋದ ಮೇಲೆ ಪ್ಲಗ್ ಅಂದೆ. ಆಮೇಲೆ ರಸ್ತೆಯೇ ಸರಿಯಿಲ್ಲ ಅಂದೆ. ಹೆಂಡತಿ ಮಹಾನಂದಾ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಅವಳು ಸುಮ್ಮನಿದ್ದುದಕ್ಕೆ ಕಾರಣವಿದೆ. ಈ ಅಂಕಣದ ಖಾಯಂ ಓದುಗರಿಗೆ ನೆನಪಿರಬಹುದು, ಹೋದ ವರ್ಷ ಇದೇ ಜಾಗದಲ್ಲಿ ಅವಳ ಡ್ರೈವಿಂಗ್ ಬಗ್ಗೆ ಬರೆದಿದ್ದೆ. ಅವಳು ಆಡಕಿಯ ಶಾಲೆಯಲ್ಲಿ ಟೀಚರ್. ದಿನಾ ಬಸ್ಸಿಗೆ ಕಾದು ಕಾದು ಬೇಸತ್ತು, ಕ್ಲಾಸಿಗೆ ಸೇರಿ ಡ್ರೈವಿಂಗ್ ಕಲಿತಳು. ಲೈಸೆನ್ಸೂ ಬಂತು. ಇನ್ನು ಶಾಲೆಗೆ ಕಾರಿನಲ್ಲೇ ಹೋಗುವುದೆಂದು ನಿಶ್ಚಯವಾಯಿತು. ನಮ್ಮ ಕಾರಿನ ಆಕ್ಸಿಲರೇಟರ್ ಒತ್ತಿದಳೋ ಇಲ್ಲವೋ, ಗಡಗಡ.

"ಹೊಲಿಗೆ ಮಷೀನ್ ತುಳಿದಂಗ ತುಳೀಬ್ಯಾಡ" ಅಂದಿದ್ದೆ. ಅಷ್ಟಕ್ಕೇ ಬಿಡದೆ ಅದನ್ನು ಇಲ್ಲಿ ಬರೆದೂ ಬಿಟ್ಟೆ. ನೀವು ನಕ್ಕಿರಿ. ಫೋನ್ ಮಾಡಿ ನಕ್ಕಿರಿ, ವಾಟ್ಸಾಪಿನಲ್ಲಿ ನಕ್ಕಿರಿ. (ನನ್ನ ಬರಹಕ್ಕೆ ಅಷ್ಟು ಪ್ರತಿಕ್ರಿಯೆ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.) ಅವಳ ಶಾಲೆಯ ಸ್ಟಾಫ್ ರೂಮಿನಲ್ಲೂ ಯಾರೋ ಗಟ್ಟಿಯಾಗಿ ಓದಿದರಂತೆ.

ಕ್ಲಾಸಿನ ಕಾರು ಹೀಗೆ ನಡುಗುತ್ತಿರಲಿಲ್ಲ ಎಂದು ಅವಳು ಒಂದೆರಡು ಸಲ ಹೇಳಿ ನೋಡಿದಳು. ಅಲ್ಲಿ ಪಕ್ಕದಲ್ಲಿ ಉಸ್ತಾದ್ ಕೂತಿರುತ್ತಿದ್ದ, ಅದಕ್ಕೆ ಅಂದೆ. ವಾರದ ಮೇಲೆ ಕೀಲಿಯನ್ನು ಗೋಡೆಯ ಮೊಳೆಗೆ ನೇತುಹಾಕಿದಳು. ಮತ್ತೆ ಅದೇ ಬಸ್ ಸ್ಟ್ಯಾಂಡು.

ಭಾನುವಾರ ನಡುಗುತ್ತಲೇ ವಾಡಿ ಮುಟ್ಟಿದೆವು; ಅಲ್ಲಿಯ ಗ್ಯಾರೇಜು ಮೌಲಾ ಚಾಚಾ ಅವರದು. ಅರವತ್ತು ದಾಟಿದೆ, ಮಾತು ಕಮ್ಮಿ. ನನ್ನ ಪೆಟ್ರೋಲು, ಪ್ಲಗ್ಗು, ರಸ್ತೆ ಮೂರನ್ನೂ ಕೇಳಿಸಿಕೊಂಡು ಬಾನೆಟ್ ಎತ್ತಿದರು. ಅವರ ಪರೀಕ್ಷೆ ಸರಳ. ಗಾಲಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರಿನಲ್ಲಿ ಕ್ಲಚ್ ಅರ್ಧ ಬಿಟ್ಟು ಆಕ್ಸಿಲರೇಟರ್ ಒತ್ತಬೇಕು. ಅವರು ಪಕ್ಕಕ್ಕೆ ನಿಂತು ಇಂಜಿನ್ ಜಾಗ ಬಿಟ್ಟು ಏಳುತ್ತದೆಯೇ ಎಂದು ನೋಡುತ್ತಾರೆ.

ಒತ್ತಿದೆ. ಇಂಜಿನ್ ಅಲುಗಾಡಲಿಲ್ಲ. ಇನ್ನಷ್ಟು ಒತ್ತಲು ಹೇಳಿದರು. ಒತ್ತಿದೆ. ಮೂರನೇ ಸಲಕ್ಕೆ ಚಾಚಾ ಬಂದು, ಕಿಟಕಿಯೊಳಗೆ ಬಗ್ಗಿ ನನ್ನ ಕಾಲನ್ನೇ ನೋಡಿದರು.

"ನಿಮ್ಮ ಕಾಲಿಗಿ ಗಾಡಿ ರೋಗ ಗೊತ್ತಾಗ್ಯಾದ್ರಿ. ಅದು ಮುಚ್ಚಿಡಲಿಕತ್ತದ. ನೀವು ಇಳೀರಿ, ಮೇಡಂರು ಕುಂದರ್ಲಿ."

ಮಹಾನಂದಾ ನನ್ನ ಮುಖ ನೋಡಿದಳು. ಹೋಳಿಗೆ ಡಬ್ಬಿ ನನ್ನ ಕೈಗೆ ಬಂತು. ವರ್ಷದ ಮೇಲೆ ಆ ಸೀಟಿನಲ್ಲಿ ಕೂತವಳು, ಕ್ಲಾಸಿನಲ್ಲಿ ಕಲಿಸಿದ ಹಾಗೆ ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒತ್ತಿದಳು. ಇಂಜಿನ್ ಒಂದು ಬದಿಗೆ ಎದ್ದು ಧಪ್ಪನೆ ಬಿತ್ತು. ಚಾಚಾ ಸಾಕೆಂದು ಕೈ ಎತ್ತಿದರು.

ಇಂಜಿನ್ ಕೂರಲು ಕೆಳಗೆ ರಬ್ಬರ್ ಹಾಕಿರುತ್ತಾರೆ. ಮೆಕ್ಯಾನಿಕ್‌ಗಳು ಅದಕ್ಕೆ ಫೌಂಡೇಶನ್ ಅನ್ನುತ್ತಾರೆ. ನಮ್ಮದರಲ್ಲಿ ಒಂದು ಹರಿದು ಎರಡಾಗಿತ್ತು. ಬಿಚ್ಚಿ ಎರಡೂ ತುಂಡನ್ನು ನನ್ನ ಅಂಗೈ ಮೇಲಿಟ್ಟರು. ಹರಿದ ಜಾಗದಲ್ಲಿ ನಮ್ಮ ಕಡೆಯ ಬಿಳಿ ಧೂಳು ಕೂತು ಗಟ್ಟಿಯಾಗಿತ್ತು.

"ಇದು ಇವತ್ತಿಂದಲ್ರಿ. ವರ್ಷದ ಮ್ಯಾಲೆ ಆಗ್ಯಾದ" ಅಂದರು.

ನನಗೆ ನಾಚಿಕೆಯಾಯಿತು. ಅದೇ ಕಾರು, ಅದೇ ನಡುಕ. ಅವಳು ಒತ್ತಿದಾಗ ತಪ್ಪು ಕಾಲಿನದು. ನಾನು ಒತ್ತಿದಾಗ ಪೆಟ್ರೋಲಿನದು! ರಬ್ಬರ್ ದಿನಕ್ಕಿಷ್ಟು ಹರಿಯುತ್ತ ಹೋದ ಹಾಗೆ ನನ್ನ ಕಾಲು ದಿನಕ್ಕಿಷ್ಟು ಮೆಲ್ಲಗಾಗುತ್ತ ಹೋಗಿತ್ತು, ನನಗೇ ತಿಳಿಯದ ಹಾಗೆ. ಅದಕ್ಕೆ ನಾನು ಅನುಭವ ಎಂದು ಹೆಸರಿಟ್ಟಿದ್ದೆ.

ಬರೀ ಕಾರಿನ ಮಾತಲ್ಲ. ನಮ್ಮ ಬಾತ್‌ರೂಮಿನ ಚಿಲಕ ಬಾಗಿಲನ್ನು ಎತ್ತಿ ತಳ್ಳಿದರೆ ಮಾತ್ರ ಬೀಳುತ್ತದೆ. ನಮಗೆ ರೂಢಿಯಾಗಿದೆ. ನೆಂಟರು ಒಳಗೆ ಒದ್ದಾಡಿದರೆ "ಎತ್ತಿ ತಳ್ರಿ" ಎಂದು ಹೊರಗಿನಿಂದ ಕೂಗುತ್ತೇವೆ, ಚಿಲಕ ಹಾಕಲೂ ಬರುವುದಿಲ್ಲವೆಂದು ಆಮೇಲೆ ಆಡಿಕೊಳ್ಳುತ್ತೇವೆ. ಚಿಲಕ ಹಾಗೇ ಇದೆ. (ನಿಮ್ಮ ಮನೆಯಲ್ಲಿ ಇಂಥದ್ದೊಂದು ಇಲ್ಲವೇ? ಹೊಸ ಸೊಸೆಯನ್ನು ಕೇಳಿ, ಹೇಳುತ್ತಾಳೆ.)

ಹೊಸ ರಬ್ಬರ್ ತರಿಸಿ ಹಾಕುವಷ್ಟರಲ್ಲಿ ತೊಟ್ಟಿಲಿನ ಹೊತ್ತು ಮೀರಿತ್ತು. ಚಾಚಾ ಕೀಲಿಯನ್ನು ನನಗೆ ಕೊಡಲಿಲ್ಲ, ಅವಳಿಗೆ ಕೊಟ್ಟರು. ವಾಡಿಯಿಂದ ಶಹಾಬಾದಿನವರೆಗೆ ಅವಳೇ ಓಡಿಸಿದಳು. ಎರಡು ಲಾರಿ ದಾಟಿದಳು. ನಾನು ಎಡಗಡೆ ಡಬ್ಬಿ ಹಿಡಿದು ಕೂತಿದ್ದೆ. ಹೋಳಿಗೆ ಅಲುಗಲಿಲ್ಲ. ತಪ್ಪಾಯಿತು ಅಂದೆ. ಅವಳು ಕನ್ನಡಿ ನೋಡಿ ಗೇರ್ ಬದಲಿಸಿದಳು.

ಸೋಮವಾರದಿಂದ ಕಾರು ಆಡಕಿಗೆ ಹೋಗುತ್ತಿದೆ.

ಇದನ್ನು ಪತ್ರಿಕೆಗೆ ಕಳಿಸುವ ಮೊದಲು ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿದಳು. ಆಮೇಲೆ ಒಂದೇ ಮಾತು ಕೇಳಿದಳು, ಅದನ್ನು ನಿಮಗೆ ದಾಟಿಸುತ್ತಿದ್ದೇನೆ.

"ಅದನ್ನ ಓದಿ ನಕ್ಕೋರೆಲ್ಲ ಇದನ್ನೂ ಓದ್ತಾರೇನು?"